ಸಣ್ಣ ಕಾರು, ಎಸಿ, ಘಾಟಿ ರಸ್ತೆ: ಪೆಟ್ರೋಲ್ ನಿಜವಾಗಿ ಎಲ್ಲಿ ಹೋಗುತ್ತದೆ?

ಹಾರಂಗಿ_ದಂಡೆ, ಕುಶಾಲನಗರ

ಎಲ್ಲರಿಗೂ ನಮಸ್ಕಾರ. ನನ್ನದು ಒಂದು ಲೀಟರ್ ಎಂಜಿನ್ನಿನ ಪೆಟ್ರೋಲ್ ಕಾರು. ಮನೆ ಕುಶಾಲನಗರದಲ್ಲಿ, ಕೆಲಸ ಮಡಿಕೇರಿಯಲ್ಲಿ. ಹೆಂಡತಿಯ ತವರು ಸುಳ್ಯವಾದ್ದರಿಂದ ಆಗಾಗ ಸಂಪಾಜೆ ಘಾಟಿ ಇಳಿದು ಹತ್ತುವುದೂ ಇದೆ. ಚಳಿಗಾಲದಲ್ಲಿ ಲೀಟರಿಗೆ ಹದಿನೇಳು, ಹದಿನೆಂಟು ಕಿಲೋಮೀಟರ್ ಕೊಡುತ್ತಿದ್ದ ಕಾರು ಮಾರ್ಚ್ ನಂತರ ಹದಿಮೂರಕ್ಕೆ ಇಳಿದು ಕುಳಿತಿದೆ. ಸರ್ವಿಸ್‌ಗೆ ಬಿಟ್ಟಾಗ ವಿಷಯ ಹೇಳಿದೆ. ಚಕ್ರ ಬಿಚ್ಚಿ ನೋಡಲಿಲ್ಲ, ಓಡಿಸಿಯೂ ನೋಡಲಿಲ್ಲ. "ಬೇಸಿಗೆಯಲ್ಲಿ ಎಸಿ ಹಾಕುತ್ತೀರಲ್ಲ ಸರ್, ಅದಕ್ಕೇ" ಎಂದು ಹೇಳಿ ಬಿಲ್ ಕೈಗಿಟ್ಟರು.

ಅಂದಿನಿಂದ ನಮ್ಮ ಮನೆಯಲ್ಲಿ ಎಸಿಯದ್ದೇ ಮಾತು. ತಂದೆಯವರು ಕೊಡಗಿನಲ್ಲಿ ಎಸಿ ಹಾಕುವುದೇ ದಂಡ ಎನ್ನುತ್ತಾರೆ. ಮಗಳಿಗೆ ಘಾಟಿಯ ತಿರುವುಗಳಲ್ಲಿ ವಾಂತಿ ಬರುತ್ತದೆ, ತಣ್ಣನೆಯ ಗಾಳಿ ಮುಖಕ್ಕೆ ಬೀಸುತ್ತಿದ್ದರೆ ಸ್ವಲ್ಪ ಸುಧಾರಿಸಿಕೊಳ್ಳುತ್ತಾಳೆ. ನನಗೆ ಬೇಕಾಗಿರುವುದು ಒಂದೇ ಉತ್ತರ: ಲೀಟರಿಗೆ ನಾಲ್ಕೈದು ಕಿಲೋಮೀಟರ್ ತಿನ್ನುವಷ್ಟು ಎಸಿ ನಿಜವಾಗಿಯೂ ಕುಡಿಯುತ್ತದೆಯೇ? ಅನುಭವ ಇರುವವರು, ಎಂಜಿನ್ ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ಸುಂಟಿಕೊಪ್ಪ_ತೋಟ

ನಿಮ್ಮ ತಂದೆಯವರ ಪಕ್ಷ ನಾನು. ಮಡಿಕೇರಿಯಲ್ಲಿ ಬೇಸಿಗೆಯ ನಡುಮಧ್ಯಾಹ್ನವೂ ಮೂವತ್ತು ಡಿಗ್ರಿಯನ್ನು ತುಂಬ ಮೀರುವುದು ಅಪರೂಪ. ಸಂಜೆಯಾದರೆ ಸ್ವೆಟರ್ ಹುಡುಕುವ ಊರು ನಮ್ಮದು. ಹೂಮಳೆ ಬಿದ್ದು ಕಾಫಿ ತೋಟವೆಲ್ಲ ಬೆಳ್ಳಗೆ ಅರಳಿ ನಿಂತಾಗ ಆ ಪರಿಮಳವನ್ನು ಹೊರಗೆ ಬಿಟ್ಟು, ಗಾಜು ಏರಿಸಿಕೊಂಡು ಹೋಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಎಸಿ ಕೆಳಗಿನ ಊರುಗಳಿಗೆ ಬೇಕು, ಒಪ್ಪುತ್ತೇನೆ. ಮೇಲೆ ಬೇಡ. ಗಾಜು ಇಳಿಸಿ, ಪೆಟ್ರೋಲ್ ಉಳಿಸಿ.

ಕೊಯನಾಡು_ಟ್ಯಾಕ್ಸಿ

ಹಾರಂಗಿ ಅಣ್ಣ, ಬಾಡಿಗೆ ಓಡಿಸುವವನ ಲೆಕ್ಕ ಹೇಳುತ್ತೇನೆ, ಸುಲಭವಾಗಿ ಅರ್ಥವಾಗುತ್ತದೆ. ಕಾರು ಓಡುವುದಕ್ಕೆ ಬೇಕಾದ ಪೆಟ್ರೋಲ್ ಕಿಲೋಮೀಟರ್ ಬಾಡಿಗೆ ಇದ್ದಂತೆ. ಎಸಿಯ ಪೆಟ್ರೋಲ್ ವೇಯ್ಟಿಂಗ್ ಚಾರ್ಜ್ ಇದ್ದಂತೆ. ಗಾಡಿ ಓಡಲಿ, ನಿಲ್ಲಲಿ, ಗಂಟೆಗೆ ಇಷ್ಟು ಎಂದು ಅದು ತೆಗೆದುಕೊಂಡೇ ತೆಗೆದುಕೊಳ್ಳುತ್ತದೆ. ಹುಣಸೂರು ಕಡೆಯ ನೇರ ರಸ್ತೆಯಲ್ಲಿ ಎಸಿ ಹಾಕಿ ಹೋದರೆ ಗೊತ್ತೇ ಆಗುವುದಿಲ್ಲ. ಅದೇ ಎಸಿ ಹಾಕಿಕೊಂಡು ಭಾನುವಾರ ಮಡಿಕೇರಿಯ ಪ್ರವಾಸಿ ತಾಣ ರಾಜಾಸೀಟ್ ಹತ್ತಿರದ ಗಾಡಿಗಳ ಸಾಲಿನಲ್ಲಿ ಸಿಕ್ಕಿಹಾಕಿಕೊಂಡರೆ ಪೆಟ್ರೋಲ್ ಮುಳ್ಳು ಇಳಿಯುವುದು ಕಣ್ಣಿಗೇ ಕಾಣುತ್ತದೆ.

ಮೇಷ್ಟರು_ಮಡಿಕೇರಿ

ಕೊಯನಾಡಿನ ಅಣ್ಣ ಒಂದು ಪ್ಯಾರಾದಲ್ಲಿ ಹೇಳಿದ್ದೇ ಇಡೀ ವಿಷಯದ ತಿರುಳು. ನಾನು ಭೌತಶಾಸ್ತ್ರ ಪಾಠ ಮಾಡುವವನು, ಆದ್ದರಿಂದ ಅದಕ್ಕೆ ಅಂಕಿಗಳನ್ನು ಜೋಡಿಸುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ಎಸಿಯ ಕಂಪ್ರೆಸರ್, ಅಂದರೆ ತಂಪು ಮಾಡುವ ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪು, ಎಂಜಿನ್ನಿನ ಬೆಲ್ಟ್‌ನಿಂದ ತಿರುಗುತ್ತದೆ. ಗುಂಡಿ ಒತ್ತಿದಾಗ 'ಟಕ್' ಎಂದು ಕೇಳುವುದು ಅದನ್ನು ಬೆಲ್ಟ್‌ಗೆ ಜೋಡಿಸುವ ವಿದ್ಯುತ್ಕಾಂತ ಕ್ಲಚ್ ಹಿಡಿದುಕೊಳ್ಳುವ ಸದ್ದು. ನಿಂತ ಕಾರಿನಲ್ಲಿ ಆ ಕ್ಷಣ ಎಂಜಿನ್ನಿನ ಸುತ್ತು ಸ್ವಲ್ಪ ಏರುವುದನ್ನು ಮೀಟರಿನಲ್ಲಿ ನೋಡಬಹುದು. ಹೊಸ ಹೊರೆಯನ್ನು ಹೊರಲು ಎಂಜಿನ್ ಹೆಚ್ಚು ಪೆಟ್ರೋಲ್ ಕೇಳುತ್ತಿದೆ ಎಂದರ್ಥ. ಸಣ್ಣ ಕಾರಿನ ಕಂಪ್ರೆಸರ್ ಪೂರ್ತಿ ದುಡಿಯುವಾಗ ಎರಡರಿಂದ ಮೂರು ಕಿಲೋವಾಟ್, ಅಂದರೆ ಮೂರು ನಾಲ್ಕು ಅಶ್ವಶಕ್ತಿ ಎಳೆಯುತ್ತದೆ. ನೂರೈವತ್ತು ಅಶ್ವಶಕ್ತಿಯ ದೊಡ್ಡ ಗಾಡಿಗೆ ಅದು ಲೆಕ್ಕಕ್ಕಿಲ್ಲ. 796 ಸಿಸಿಯ ಆಲ್ಟೊದಂಥ ಕಾರಿನ ಎಂಜಿನ್ ಕೊಡುವುದೇ ಸುಮಾರು 48 ಅಶ್ವಶಕ್ತಿ, ಅದೂ ಆರು ಸಾವಿರ ಸುತ್ತಿನಲ್ಲಿ. ಘಾಟಿಯಲ್ಲಿ ನಾವು ಆ ಸುತ್ತಿನಲ್ಲಿ ಓಡಿಸುವುದಿಲ್ಲ, ಎರಡು ಮೂರು ಸಾವಿರದ ನಡುವೆ ಇರುತ್ತೇವೆ. ಅಲ್ಲಿ ಸಿಗುವುದು ಅದರ ಅರ್ಧದ ಆಸುಪಾಸು ಮಾತ್ರ. ಅದರ ಮೇಲೆ ನಮ್ಮ ಎತ್ತರ. ಮಡಿಕೇರಿ 1,150 ಮೀಟರ್ ಆಸುಪಾಸಿನಲ್ಲಿದೆ. ಸಮುದ್ರಮಟ್ಟಕ್ಕೆ ಹೋಲಿಸಿದರೆ ಇಲ್ಲಿ ಗಾಳಿಯ ಒತ್ತಡ ಎಂಟನೇ ಒಂದು ಪಾಲಿನಷ್ಟು ಕಡಿಮೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. ಕಾಟಕೇರಿ ಏರಿನಲ್ಲಿ ಎಸಿ ಆರಿಸಿದ ಕೂಡಲೇ ಕಾರಿಗೆ ಜೀವ ಬಂದಂತೆ ಅನಿಸುವುದು ಇದಕ್ಕೇ. ಅದು ಭ್ರಮೆಯಲ್ಲ.

ಆದರೆ ಕಾರು ಏದುಸಿರು ಬಿಡುವುದು ಬೇರೆ, ಪೆಟ್ರೋಲ್ ಖರ್ಚಾಗುವುದು ಬೇರೆ. ಈ ಎರಡನ್ನೂ ಒಂದೇ ಎಂದುಕೊಳ್ಳುವುದರಿಂದ ಎಸಿಯ ಮೇಲೆ ಇಲ್ಲದ ಅಪವಾದ ಬರುತ್ತದೆ.

ಖರ್ಚಿನ ಅಂದಾಜು ಹೀಗೆ. ಕಂಪ್ರೆಸರ್ ಸದಾ ಪೂರ್ತಿ ದುಡಿಯುವುದಿಲ್ಲ. ಒಳಗಿನ ಕೂಲಿಂಗ್ ಕಾಯಿಲ್ ಸಾಕಷ್ಟು ತಣ್ಣಗಾದರೆ ಕ್ಲಚ್ ಬಿಡುತ್ತದೆ, ಬೆಚ್ಚಗಾದರೆ ಹಿಡಿಯುತ್ತದೆ. ನಮ್ಮ ತಂಪು ಹವೆಯಲ್ಲಿ ಗಂಟೆಗೆ 300ರಿಂದ 400 ಮಿಲಿಲೀಟರ್, ಏಪ್ರಿಲ್ ಬಿಸಿಲಿನ ಮೈಸೂರಿನಲ್ಲಿ 600 ಮಿಲಿಲೀಟರ್ ಅಥವಾ ತುಸು ಹೆಚ್ಚು ಎಂದು ಇಟ್ಟುಕೊಳ್ಳಬಹುದು. ನಡುವಿನ ಅಂಕಿ, ಅರ್ಧ ಲೀಟರ್ ತೆಗೆದುಕೊಳ್ಳೋಣ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಲೀಟರಿಗೆ 18 ಕೊಡುವ ಕಾರು ಗಂಟೆಗೆ ಸುಮಾರು 4.4 ಲೀಟರ್ ಸುಡುತ್ತದೆ. ಅದಕ್ಕೆ ಅರ್ಧ ಸೇರಿದರೆ 4.9, ಮೈಲೇಜ್ 16ಕ್ಕೆ ಇಳಿಯಿತು. ಹತ್ತನೇ ಒಂದು ಪಾಲು ನಷ್ಟ. ಅದೇ ಕಾರು ಪೇಟೆಯೊಳಗೆ ಗಂಟೆಗೆ 20ರ ವೇಗದಲ್ಲಿ ಲೀಟರಿಗೆ 14 ಕೊಡುತ್ತಿದ್ದರೆ ಗಂಟೆಯ ಖರ್ಚು 1.4 ಲೀಟರ್ ಮಾತ್ರ. ಅರ್ಧ ಸೇರಿದ ಮೇಲೆ 1.9. ಮೈಲೇಜ್ ಹತ್ತೂವರೆಗೆ ಬಂತು, ಕಾಲು ಭಾಗ ಹೋಯಿತು. ಎಸಿ ಅದೇ, ಕಾರು ಅದೇ, ಬದಲಾದದ್ದು ವೇಗ ಮಾತ್ರ. ತೀರ ಸೆಕೆಯಲ್ಲಿ, ಅದರಲ್ಲೂ ಸಣ್ಣ ಪ್ರಯಾಣಗಳಲ್ಲಿ ಎಸಿಯಿಂದ ಮೈಲೇಜ್ 25 ಶೇಕಡಕ್ಕಿಂತ ಹೆಚ್ಚು ಬೀಳಬಹುದು ಎಂದು ಅಮೆರಿಕದ ಇಂಧನ ಇಲಾಖೆಯೂ ತನ್ನ ಜನರಿಗೆ ಹೇಳುತ್ತದೆ.

ಈಗ ನಿಮ್ಮ ಸುಳ್ಯದ ದಾರಿಗೆ ಬರೋಣ, ಏಕೆಂದರೆ ನಿಜವಾದ ಉತ್ತರ ಅಲ್ಲಿದೆ. ಸುಳ್ಯ ಸಮುದ್ರಮಟ್ಟದಿಂದ ನೂರು ಮೀಟರ್ ಎತ್ತರದಲ್ಲಿದೆ ಎನ್ನಬಹುದು. ಅಲ್ಲಿಂದ ಮಡಿಕೇರಿಗೆ ಬರುವಾಗ ಸಾವಿರ ಮೀಟರ್ ಮೇಲಕ್ಕೆ ಏರುತ್ತೀರಿ. ಜನ, ಸಾಮಾನು ಸೇರಿ 1,100 ಕಿಲೋ ತೂಗುವ ಕಾರನ್ನು ಸಾವಿರ ಮೀಟರ್ ಎತ್ತುವ ಕೆಲಸ ಮೂರು ಕಿಲೋವಾಟ್‌ಗಂಟೆಯಷ್ಟು. ಒಂದು ಲೀಟರ್ ಪೆಟ್ರೋಲಿನಲ್ಲಿ ಇರುವ ಶಕ್ತಿ ಒಂಬತ್ತು ಕಿಲೋವಾಟ್‌ಗಂಟೆಯ ಹತ್ತಿರ, ಅದರಲ್ಲಿ ಎಂಜಿನ್ ಚಕ್ರಕ್ಕೆ ಮುಟ್ಟಿಸುವುದು ಮೂರನೇ ಒಂದು ಪಾಲಿಗಿಂತ ಕಡಿಮೆ. ಅಂದರೆ ಎತ್ತರ ಏರುವುದಕ್ಕೆಂದೇ ಒಂದು ಲೀಟರಿಗೂ ಮಿಕ್ಕಿ ಬೇಕು, 1.1 ಎನ್ನಿ. ಸುಮಾರು ಐವತ್ತು ಕಿಲೋಮೀಟರ್ ದಾರಿಗೆ ಸಮತಟ್ಟಿನ ಲೆಕ್ಕದಲ್ಲಿ ಎರಡೂವರೆ ಲೀಟರ್. ಒಂದೂವರೆ ಗಂಟೆಯ ಎಸಿಗೆ, ನಮ್ಮ ತಂಪು ಹವೆಯ 400 ಮಿಲಿಲೀಟರ್ ಲೆಕ್ಕದಲ್ಲಿ, 0.6 ಲೀಟರ್. ಒಟ್ಟು 4.2. ಲೀಟರಿಗೆ ಹನ್ನೆರಡು ಬಂತು. ಎಸಿ ಆರಿಸಿದ್ದರೆ ಹದಿನಾಲ್ಕು ಬರುತ್ತಿತ್ತು. ಎಸಿ ತಿಂದದ್ದು ಎರಡು. ಸಮತಟ್ಟಿನ ಇಪ್ಪತ್ತರಿಂದ ಹದಿನಾಲ್ಕಕ್ಕೆ ಇಳಿಸಿದ್ದು ಬೆಟ್ಟ. ನಾವು ಬೆಟ್ಟದ ಪಾಲನ್ನೂ ಎಸಿಯ ತಲೆಗೆ ಕಟ್ಟುತ್ತಿದ್ದೇವೆ.

ಕಂಪನಿಯವರು ಹೇಳುವ ಮೈಲೇಜ್ ಬಗ್ಗೆಯೂ ಒಂದು ಮಾತು. ಪುಣೆಯ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ ಪ್ರಮಾಣೀಕರಿಸುವ ಆ ಅಂಕಿ ಪ್ರಯೋಗಾಲಯದಲ್ಲಿ, ರೋಲರ್ ಮೇಲೆ, ಎಸಿ ಆರಿಸಿ ತೆಗೆದದ್ದು. ಅಲ್ಲಿ ಏರೂ ಇಲ್ಲ, ಇಳಿಜಾರೂ ಇಲ್ಲ. ಅದಕ್ಕೆ ನಮ್ಮ ಅಂಕಿಯನ್ನು ಹೋಲಿಸಿ ದುಃಖಪಡುವುದರಲ್ಲಿ ಅರ್ಥವಿಲ್ಲ.

ಹುಣಸೂರು_ರಸ್ತೆ

ಮೇಷ್ಟರೇ, ಏರಿನಲ್ಲಿ ಕಳೆದುಕೊಂಡದ್ದನ್ನು ಇಳಿಜಾರಿನಲ್ಲಿ ಸಂಪಾದಿಸಬಹುದಲ್ಲ? ನಮ್ಮ ಕಡೆಯ ಕೆಲವರು ಮಡಿಕೇರಿ ದಾಟಿದ ಮೇಲೆ ನ್ಯೂಟ್ರಲ್ ಹಾಕಿ, ಎಸಿ ಆರಿಸಿ ಸಂಪಾಜೆವರೆಗೆ ಹಾಗೆಯೇ ಇಳಿಯುತ್ತಾರೆ. ಪೆಟ್ರೋಲ್ ಚೆನ್ನಾಗಿ ಉಳಿಯುತ್ತದೆ ಎನ್ನುತ್ತಾರೆ.

ಕೊಯನಾಡು_ಟ್ಯಾಕ್ಸಿ

ದಯವಿಟ್ಟು, ಕೈಮುಗಿದು ಕೇಳುತ್ತೇನೆ, ಈ ಬುದ್ಧಿಯನ್ನು ಯಾರಿಗೂ ಹೇಳಿಕೊಡಬೇಡಿ. ನಮ್ಮ ಮನೆ ಇರುವುದೇ ಆ ರಸ್ತೆಯ ಬದಿಯಲ್ಲಿ. ಜೋಡುಪಾಲದಿಂದ ಕೆಳಗೆ ಬರುವ ಗಾಡಿಗಳ ಚಕ್ರದಿಂದ ಸುಟ್ಟ ವಾಸನೆ ಬರುವುದನ್ನು ಅಂಗಳದಲ್ಲಿ ನಿಂತೇ ಗುರುತಿಸಬಲ್ಲೆ. ನ್ಯೂಟ್ರಲ್‌ನಲ್ಲಿ ಗಾಡಿಯನ್ನು ಹಿಡಿದುಕೊಳ್ಳುವುದು ಬ್ರೇಕ್ ಒಂದೇ. ತಿರುವಿನ ಮೇಲೆ ತಿರುವು ಬಂದಾಗ ಬ್ರೇಕ್ ಕಾದು ಕಾದು ಕೊನೆಗೆ ಪೆಡಲ್ ಒತ್ತಿದರೂ ಹಿಡಿಯುವುದಿಲ್ಲ. ಎಂಜಿನ್ ಆರಿಸಿ ಇಳಿಯುವವರಂತೂ ಇನ್ನೂ ದೊಡ್ಡ ಅಪಾಯ ಮಾಡಿಕೊಳ್ಳುತ್ತಾರೆ. ಪವರ್ ಸ್ಟಿಯರಿಂಗ್ ಗಟ್ಟಿಯಾಗುತ್ತದೆ, ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಕಲ್ಲಿನಂತಾಗುತ್ತದೆ.

ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಹಿರಿಯರು ಜೀಪ್ ಕಾಲದಲ್ಲಿ ಹೇಳಿಕೊಟ್ಟ ಪಾಠ ಇದು, ಇವತ್ತಿನ ಕಾರಿಗೂ ಅದೇ ಪಾಠ.

ಮೇಷ್ಟರು_ಮಡಿಕೇರಿ

ಅಣ್ಣ ಹೇಳಿದ್ದು ಸುರಕ್ಷತೆಯ ದೃಷ್ಟಿಯಿಂದ ಮಾತ್ರವಲ್ಲ, ಪೆಟ್ರೋಲ್ ದೃಷ್ಟಿಯಿಂದಲೂ ಸರಿ. ಗಾಳಿಗೆ ಪೆಟ್ರೋಲ್ ಬೆರೆಸುತ್ತಿದ್ದ ಕಾರ್ಬುರೇಟರ್ ಕಾಲ ಮುಗಿದು, ಕಾರಿನ ಕಂಪ್ಯೂಟರ್ ಹೇಳಿದಷ್ಟೇ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಬಂದ ಮೇಲೆ ನ್ಯೂಟ್ರಲ್ ಲೆಕ್ಕ ಪೂರ್ತಿ ತಲೆಕೆಳಗಾಗಿದೆ. ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆದರೆ, ಎಂಜಿನ್ ಸುತ್ತು ತೀರ ಕೆಳಗೆ ಇಳಿಯುವವರೆಗೆ ಇಂಜೆಕ್ಟರ್ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ. ಎಂಜಿನ್ನನ್ನು ಆಗ ತಿರುಗಿಸುವುದು ಇಳಿಯುತ್ತಿರುವ ಚಕ್ರಗಳು. ತತ್‌ಕ್ಷಣದ ಮೈಲೇಜ್ ತೋರಿಸುವ ಪರದೆ ಇರುವವರು ಗಮನಿಸಿ: ಆ ಹೊತ್ತಿನಲ್ಲಿ ಅಂಕಿ ಮೇಲಿನ ಮಿತಿಗೆ ಹೋಗಿ ನಿಲ್ಲುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ತಾನೇ ತಿರುಗಬೇಕು, ಅದಕ್ಕೆ ಪೆಟ್ರೋಲ್ ಬೇಕೇ ಬೇಕು.

ಇದರಿಂದ ಎಸಿಗೂ ಒಂದು ಲಾಭ ಇದೆ. ಇಂಜೆಕ್ಟರ್ ಮುಚ್ಚಿರುವಾಗ ಕಂಪ್ರೆಸರ್ ತಿರುಗುವುದೂ ಚಕ್ರದ ಬಲದಿಂದಲೇ. ಆದ್ದರಿಂದ ಗೇರಿನಲ್ಲಿ ಇಳಿಯುವ ಅಷ್ಟೂ ಹೊತ್ತು ಎಸಿಯ ತಂಪಿಗೆ ಪೆಟ್ರೋಲ್ ಖರ್ಚಿಲ್ಲ. ಅದರ ಹೊರೆಯಿಂದ ಎಂಜಿನ್ ಹಿಡಿತವೂ ತುಸು ಹೆಚ್ಚುತ್ತದೆ. ಹಾರಂಗಿಯವರೇ, ಸುಳ್ಯಕ್ಕೆ ಹೋಗುವಾಗ ಮಗಳಿಗಾಗಿ ಎಸಿ ಹಾಕಿಕೊಳ್ಳಿ, ಸಂಕೋಚ ಬೇಡ. ಬರುವಾಗ ಬೇಕಾದರೆ ಕಡಿದಾದ ಏರಿನಲ್ಲಿ ಸ್ವಲ್ಪ ಹೊತ್ತು ಆರಿಸಿ. ಅನೇಕ ಸಣ್ಣ ಕಾರುಗಳಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕಂಪ್ಯೂಟರೇ ಕಂಪ್ರೆಸರನ್ನು ಕೆಲವು ಕ್ಷಣ ಬಿಡಿಸುತ್ತದೆ, ಓವರ್‌ಟೇಕ್ ಮಾಡುವಾಗ ಶಕ್ತಿ ಸಿಗಲಿ ಎಂದು.

ಬೇತ್ರಿ_ಸೇತುವೆ

ಇಷ್ಟು ಹೊತ್ತು ಬೇಸಿಗೆಯದ್ದೇ ಮಾತಾಯಿತು. ಕೊಡಗಿನಲ್ಲಿ ಎಸಿ ಏಕೆ ಎಂದು ಕೇಳಿದ ಸುಂಟಿಕೊಪ್ಪದ ಅಣ್ಣನಿಗೆ ನನ್ನ ಉತ್ತರ ಜೂನ್, ಜುಲೈ, ಆಗಸ್ಟ್.

ನಾನು ಆಸ್ಪತ್ರೆಯಲ್ಲಿ ಶುಶ್ರೂಷಕಿ. ರಾತ್ರಿ ಪಾಳಿ ಮುಗಿಸಿ ವಿರಾಜಪೇಟೆ ಕಡೆಗೆ ಒಬ್ಬಳೇ ಕಾರು ಓಡಿಸಿಕೊಂಡು ಬರುವುದು ನನ್ನ ಬದುಕಿನ ಭಾಗ. ಮಳೆ ಧಾರಾಕಾರ ಸುರಿಯುವಾಗ ಗಾಜು ಇಳಿಸಲು ಆಗುವುದಿಲ್ಲ. ಇಳಿಸದಿದ್ದರೆ ಎರಡು ನಿಮಿಷದಲ್ಲಿ ಒಳಗಿನ ಗಾಜೆಲ್ಲ ಬೆಳ್ಳಗೆ ಮಬ್ಬಾಗುತ್ತದೆ. ಒದ್ದೆ ಕೊಡೆ, ಒದ್ದೆ ಚಪ್ಪಲಿ, ನಮ್ಮ ಉಸಿರು, ಎಲ್ಲದರ ತೇವವೂ ತಣ್ಣನೆಯ ಗಾಜಿನ ಮೇಲೆ ಕೂರುತ್ತದೆ. ಬಟ್ಟೆಯಿಂದ ಒರೆಸಿದರೆ ಆ ಕ್ಷಣ ಕಾಣುತ್ತದೆ, ಮುಂದಿನ ತಿರುವಿನಲ್ಲಿ ಮತ್ತೆ ಅದೇ. ಒಂದು ಕೈ ಸ್ಟಿಯರಿಂಗ್, ಇನ್ನೊಂದು ಕೈ ಬಟ್ಟೆ, ಎದುರಿನಿಂದ ಪ್ರವಾಸಿಗರ ಗಾಡಿಯ ಪ್ರಖರ ದೀಪ, ರಸ್ತೆಯ ಅಂಚು ಎಲ್ಲಿ ಮುಗಿಯುತ್ತದೆ ಎಂದು ತಿಳಿಯದ ಸ್ಥಿತಿ. 2018ರ ಆಗಸ್ಟ್‌ನ ಭೂಕುಸಿತ ನೋಡಿದವರಿಗೆ ನಮ್ಮ ರಸ್ತೆಯ ಅಂಚು ಎಂದರೆ ಏನು ಎಂದು ವಿವರಿಸಬೇಕಿಲ್ಲ.

ಎಸಿ ಹಾಕಿ, ಗಾಳಿಯನ್ನು ಮುಂದಿನ ಗಾಜಿನ ಕಡೆಗೆ ತಿರುಗಿಸಿ, ಹೊರಗಿನ ಗಾಳಿ ಒಳಬರುವ ಸ್ಥಾನಕ್ಕೆ ಹಿಡಿಯನ್ನು ಸರಿಸಿದರೆ ಗಾಜು ಒಂದು ನಿಮಿಷದೊಳಗೆ ತಿಳಿಯಾಗುತ್ತದೆ. ಚಳಿಯಾದರೆ ಬಿಸಿಯ ಗುಂಡಿಯನ್ನೂ ತಿರುಗಿಸಿಕೊಳ್ಳಿ. ಎಸಿ ಮತ್ತು ಹೀಟರ್ ಒಟ್ಟಿಗೆ ಓಡಬಹುದು, ಅದರಿಂದ ಏನೂ ಹಾಳಾಗುವುದಿಲ್ಲ. ಬೆಚ್ಚಗಿನ ಒಣ ಗಾಳಿ ಮಬ್ಬನ್ನು ಇನ್ನೂ ಬೇಗ ತೆಗೆಯುತ್ತದೆ. ಎಸಿ ಗಾಳಿಯ ತೇವವನ್ನು ಹಿಂಡಿ ತೆಗೆಯುತ್ತದೆ. ಕಾರು ನಿಲ್ಲಿಸಿದಾಗ ಕೆಳಗೆ ತೊಟ್ಟಿಕ್ಕುವ ನೀರು ಅದೇ. ಆ ನೀರಷ್ಟೂ ನಮ್ಮ ಗಾಜಿನ ಮೇಲೆ ಕೂರಬೇಕಾಗಿತ್ತು.

ತಣ್ಣನೆಯ ಹವೆಯಲ್ಲಿ ಕಂಪ್ರೆಸರ್ ಕಡಿಮೆ ದುಡಿಯುತ್ತದೆ ಎಂದು ಮೇಷ್ಟರು ಹೇಳಿದ್ದಾರೆ. ಹಾಗಾದರೆ ಮಳೆಗಾಲದ ಎಸಿಗೆ ತಗಲುವ ಖರ್ಚು ಬೇಸಿಗೆಯದ್ದಕ್ಕಿಂತ ಕಡಿಮೆ. ಪೆಟ್ರೋಲ್ ಉಳಿಸಲೆಂದು ಮಬ್ಬು ಗಾಜಿನಲ್ಲಿ ಓಡಿಸುವವರು ನಮ್ಮ ವಾರ್ಡಿಗೆ ಬಂದಾಗ ಅವರ ಮನೆಯವರ ಮುಖ ನೋಡುವುದು ನಾವು. ಇದರಲ್ಲಿ ಉಳಿತಾಯದ ಲೆಕ್ಕವನ್ನೇ ಹಾಕಬೇಡಿ.

ಇನ್ನೊಂದು ಸಂಗತಿ. ಮಾಕುಟ್ಟ ಇಳಿದು ಕೇರಳದ ಕಡೆಗೆ ಹೋಗುವಾಗ ಸೆಕೆ, ತೇವ ಎರಡೂ ಹೆಚ್ಚು. ಅಲ್ಲಿ ಎಸಿಯ ತಂಪು ಗಾಳಿಯನ್ನು ಗಾಜಿಗೇ ಬಿಟ್ಟರೆ ಗಾಜಿನ ಹೊರಮೈ ಮಬ್ಬಾಗುತ್ತದೆ. ಆಗ ವೈಪರ್ ಹಾಕಿ, ಗಾಳಿಯ ದಿಕ್ಕನ್ನು ಮುಖದ ಕಡೆಗೆ ತಿರುಗಿಸಿ. ಒಳಗಿನ ಮಬ್ಬೋ ಹೊರಗಿನ ಮಬ್ಬೋ ಎಂದು ಬೆರಳಿನಿಂದ ಮುಟ್ಟಿ ನೋಡಿದರೆ ತಿಳಿಯುತ್ತದೆ.

ಸುಂಟಿಕೊಪ್ಪ_ತೋಟ

ಅಕ್ಕ, ಮಳೆಗಾಲದ ವಿಷಯದಲ್ಲಿ ನೀವು ಹೇಳಿದ್ದಕ್ಕೆ ಎದುರು ಮಾತಿಲ್ಲ. ಆನೆಚೌಕೂರು ಕಾಡಿನ ದಾರಿಯಲ್ಲೂ ಗಾಜು ಮುಚ್ಚಿಕೊಂಡೇ ಹೋಗಬೇಕು, ಅದೂ ಸರಿ. ಆದರೆ ಬಿಸಿಲು ಕಾಲದ ಒಣ ದಿನ, ಮೈಸೂರಿಗೆ ಹೋಗುವಾಗ ಗಾಜು ಇಳಿಸಿದರೆ ಗಾಳಿಯ ತಡೆ ಹೆಚ್ಚಾಗಿ ಎಸಿಗಿಂತ ಹೆಚ್ಚು ಪೆಟ್ರೋಲ್ ಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರಲ್ಲ, ಅದು ನಿಜವೇ?

ಮೇಷ್ಟರು_ಮಡಿಕೇರಿ

ಅರ್ಧ ನಿಜ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ. ನಲವತ್ತರಲ್ಲಿ ಹೋಗುವಾಗಿನದಕ್ಕಿಂತ ಎಂಬತ್ತರಲ್ಲಿ ಎಂಟು ಪಟ್ಟು ಶಕ್ತಿ ಬೇಕು. ಸುಂಟಿಕೊಪ್ಪದಿಂದ ಮಡಿಕೇರಿಗೆ ಮೂವತ್ತು ನಲವತ್ತರಲ್ಲಿ ಬರುವಾಗ ನಾಲ್ಕು ಗಾಜು ಇಳಿಸಿದರೂ ಅದರ ಖರ್ಚು ಎಣಿಕೆಗೆ ಸಿಗುವುದಿಲ್ಲ, ಅಲ್ಲಿ ನಿಮ್ಮ ಮಾತೇ ಗೆಲ್ಲುತ್ತದೆ. ಎಪ್ಪತ್ತು ಎಂಬತ್ತರವರೆಗೂ ಸಣ್ಣ ಕಾರಿನಲ್ಲಿ ಗಾಜು ಇಳಿಸುವುದೇ ಅಗ್ಗ. 2023ರಲ್ಲಿ ತೆರೆದ ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ನೂರರ ಹತ್ತಿರ ಹೋಗುವಾಗ ಎರಡೂ ಸರಿಸಮಕ್ಕೆ ಬರುತ್ತವೆ. ಅಲ್ಲಿ ಕಿವಿಗೆ ಬಡಿಯುವ ಗಾಳಿಯ ಸದ್ದನ್ನೂ ಧೂಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಎಸಿಯೇ ಮೇಲು.

ಗೋಣಿಕೊಪ್ಪ_ಗ್ಯಾರೇಜ್

ತಡವಾಗಿ ಬರುತ್ತಿದ್ದೇನೆ, ಕೆಲಸ ಇತ್ತು. ಮೇಷ್ಟರ ಲೆಕ್ಕ ಓದಿ ಸಂತೋಷವಾಯಿತು. ಕೈಗೆ ಗ್ರೀಸ್ ಹಚ್ಚಿಕೊಳ್ಳುವವನ ಕಡೆಯಿಂದ ಕೆಲವು ಮಾತು.

ಮೊದಲು ಗುಂಡಿಯ ವಿಚಾರ. ತಂಪಿನ ಗುಂಡಿಯನ್ನು ಅರ್ಧಕ್ಕೆ ಇಟ್ಟರೆ ಪೆಟ್ರೋಲ್ ಅರ್ಧ ಉಳಿಯುತ್ತದೆ ಎಂದು ನಂಬಿದವರು ತುಂಬ ಜನ ಬರುತ್ತಾರೆ. ಕೈಯಿಂದ ತಿರುಗಿಸುವ ಎಸಿ ಇರುವ ಹೆಚ್ಚಿನ ಸಣ್ಣ ಕಾರುಗಳಲ್ಲಿ ಆ ಗುಂಡಿ ಮಾಡುವುದು ತಣ್ಣನೆಯ ಗಾಳಿಗೆ ಹೀಟರಿನ ಬಿಸಿ ಗಾಳಿಯನ್ನು ಬೆರೆಸುವ ಕೆಲಸ. ಡ್ಯಾಶ್‌ಬೋರ್ಡ್ ಬಿಚ್ಚಿದರೆ ಒಳಗೆ ಒಂದು ಸಣ್ಣ ಬಾಗಿಲು ಕಾಣುತ್ತದೆ, ಗುಂಡಿ ತಿರುಗಿಸಿದಂತೆ ಆ ಬಾಗಿಲು ವಾಲುತ್ತದೆ, ಅಷ್ಟೇ. ಕಂಪ್ರೆಸರ್ ತನ್ನ ಪಾಡಿಗೆ ದುಡಿಯುತ್ತಲೇ ಇರುತ್ತದೆ. ನಿಜವಾಗಿ ಹೊರೆ ಕಡಿಮೆ ಮಾಡಬೇಕೆಂದರೆ ಬ್ಲೋವರನ್ನು ಒಂದಕ್ಕೋ ಎರಡಕ್ಕೋ ಇಳಿಸಿ, ಒಳಗಿನ ಗಾಳಿಯೇ ಸುತ್ತುವ ಸ್ಥಾನದಲ್ಲಿಡಿ. ಕೂಲಿಂಗ್ ಕಾಯಿಲ್ ಬೇಗ ತಣ್ಣಗಾಗಿ ಕ್ಲಚ್ ಹೆಚ್ಚು ಹೊತ್ತು ಬಿಟ್ಟಿರುತ್ತದೆ. ಅಕ್ಕ ಹೇಳಿದಂತೆ ಗಾಜು ಮಬ್ಬಾದಾಗ ಮಾತ್ರ ಹೊರಗಿನ ಗಾಳಿ. ಬಿಸಿಲಿನಲ್ಲಿ ನಿಂತ ಕಾರಿಗೆ ಹತ್ತಿದ ಕೂಡಲೇ ಎಸಿ ಹಾಕಬೇಡಿ. ಎಲ್ಲ ಗಾಜು ಇಳಿಸಿ ಸ್ವಲ್ಪ ದೂರ ಓಡಿಸಿ, ಒಳಗಿನ ಕಾವು ಹೊರಗೆ ಹೋಗಲಿ. ಸಿಲ್ವರ್ ಓಕ್ ನೆರಳಿಗೆ ಬರ ಇಲ್ಲದ ಊರಿನಲ್ಲಿ ಬಿಸಿಲಿಗೆ ನಿಲ್ಲಿಸುವುದೇ ಬೇಡ.

ಎರಡನೆಯದು, ತೋಟದ ರಸ್ತೆಯಲ್ಲಿ ಓಡುವ ಕಾರುಗಳ ಕಂಡೆನ್ಸರ್. ಎಸಿಯ ಕಾವನ್ನು ಹೊರಗೆ ಬಿಡುವ, ಮುಂದಿನ ಜಾಲರಿಯ ಹಿಂದೆ ರೇಡಿಯೇಟರಿನ ಮುಂದೆ ಇರುವ ಭಾಗ ಅದು. ಕೆಸರು ಎರಚಿ ಎರಚಿ, ಅದರ ಮೇಲೆ ಹುಳು, ಎಲೆ ಸೇರಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಗಾಳಿ ಹಾಯದಿದ್ದರೆ ಗ್ಯಾಸಿನ ಒತ್ತಡ ಏರುತ್ತದೆ, ಕಂಪ್ರೆಸರ್ ಹೆಚ್ಚು ತ್ರಾಸಪಡುತ್ತದೆ, ತಂಪು ಕಡಿಮೆ, ಪೆಟ್ರೋಲ್ ಹೆಚ್ಚು. ನೀರು ಬಿಟ್ಟು ತೊಳೆಯಿರಿ, ಆದರೆ ಜೋರು ಒತ್ತಡದ ಪಂಪನ್ನು ಹತ್ತಿರ ಹಿಡಿಯಬೇಡಿ, ತೆಳ್ಳನೆಯ ಪಟ್ಟಿಗಳು ಮಡಚಿಕೊಳ್ಳುತ್ತವೆ.

ಒಳಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ಇರುವ ಕಾರಾದರೆ ಅದು ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಮಳೆಗಾಲ ಮುಗಿದ ಮೇಲೆ ಅದನ್ನು ಎಳೆದು ನೋಡಿ: ಕೊಳೆತ ಎಲೆ, ಬೂದು ಬಣ್ಣದ ಬೂಷ್ಟು, ಕೆಲವೊಮ್ಮೆ ಇಲಿ ತಂದಿಟ್ಟ ಹತ್ತಿ. ಎಸಿ ಹಾಕಿದಾಗ ಬರುವ ಮುಗ್ಗಲು ವಾಸನೆಯ ಮೂಲಗಳಲ್ಲಿ ಅದೂ ಒಂದು. ಮನೆ ಮುಟ್ಟುವ ಐದು ನಿಮಿಷ ಮೊದಲು ಎಸಿ ಆರಿಸಿ ಬ್ಲೋವರ್ ಮಾತ್ರ ಓಡಿಸಿದರೆ ಕಾಯಿಲ್ ಒಣಗುತ್ತದೆ, ವಾಸನೆಯೂ ಕಡಿಮೆ.

ಎಸಿಯನ್ನು ತಿಂಗಳುಗಟ್ಟಲೆ ಮುಟ್ಟದೇ ಇಡುವುದೂ ಉಳಿತಾಯವಲ್ಲ. ಕಂಪ್ರೆಸರಿನ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುವುದು. ಓಡಿಸದಿದ್ದರೆ ಸೀಲ್ ಒಣಗಿ ಗ್ಯಾಸ್ ಸೋರುತ್ತದೆ. ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿ. ಅದಕ್ಕೆ ಹೋಗುವ ಪೆಟ್ರೋಲ್ ಒಂದು ಕಾಫಿಯ ಬೆಲೆಯಷ್ಟೂ ಆಗುವುದಿಲ್ಲ.

ಹಾರಂಗಿಯವರೇ, ಈಗ ನಿಮ್ಮ ಕಾರು. ಹದಿನೇಳರಿಂದ ಹದಿಮೂರು ಎಂದರೆ ಎಸಿಯೊಂದೇ ಕಾರಣ ಎಂದು ನನಗೆ ಅನಿಸುವುದಿಲ್ಲ. ನೀವು ಹೆಚ್ಚು ಓಡಿಸುವುದು ಕುಶಾಲನಗರ–ಮಡಿಕೇರಿ, ಬೆಳಗ್ಗೆ ಏರು, ಸಂಜೆ ಇಳಿಜಾರು, ಮೇಲಿನ ಹವೆ ತಂಪು. ಅಲ್ಲಿ ಎಸಿ ಎರಡು ಕಿಲೋಮೀಟರ್ ತಿಂದರೆ ಹೆಚ್ಚು. ಒಂದು ಕೆಲಸ ಮಾಡಿ. ಸಮತಟ್ಟಾದ ರಸ್ತೆಯಲ್ಲಿ, ಬ್ರೇಕ್ ಹೆಚ್ಚು ಬಳಸದೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ. ಇಳಿದು ನಾಲ್ಕೂ ಚಕ್ರದ ನಡುಭಾಗದ ಹತ್ತಿರ ಅಂಗೈ ಒಡ್ಡಿ, ಮುಟ್ಟಬೇಡಿ. ಒಂದರಲ್ಲಿ ಮಾತ್ರ ಕಾವು ಹೊಡೆಯುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಟಯರಿನ ಗಾಳಿಯನ್ನೂ ತಣ್ಣಗಿರುವಾಗ ನೋಡಿಸಿ, ಬಾಗಿಲಿನ ಕಂಬದ ಚೀಟಿಯಲ್ಲಿ ಎಷ್ಟು ಎಂದು ಬರೆದಿರುತ್ತದೆ.

ಹಾರಂಗಿ_ದಂಡೆ, ಕುಶಾಲನಗರ

ಗ್ಯಾರೇಜ್ ಅಣ್ಣನಿಗೆ ಹೇಗೆ ಕೃತಜ್ಞತೆ ಹೇಳಲಿ ತಿಳಿಯದು. ಹಿಂದಿನ ಎಡ ಚಕ್ರಕ್ಕೆ ಅಂಗೈ ಒಡ್ಡಿದಾಗ ಒಲೆಯ ಮುಂದೆ ಹಿಡಿದಷ್ಟು ಕಾವು. ಉಳಿದ ಮೂರೂ ಬೆಚ್ಚಗೆ ಮಾತ್ರ. ಇಲ್ಲಿಯೇ ಪರಿಚಯದ ಮೆಕ್ಯಾನಿಕ್ ಆ ಚಕ್ರದ ಬ್ರೇಕ್ ಡ್ರಮ್ ಬಿಚ್ಚಿದರು. ಹ್ಯಾಂಡ್ ಬ್ರೇಕಿನ ಕೇಬಲ್ ಒಳಗೆ ತುಕ್ಕು ಹಿಡಿದು ಪೂರ್ತಿ ಹಿಂದಕ್ಕೆ ಬರುತ್ತಿರಲಿಲ್ಲ, ಬ್ರೇಕ್ ಶೂ ಡ್ರಮ್ಮಿಗೆ ಉಜ್ಜಿಕೊಂಡೇ ಇತ್ತು. ಕೇಬಲ್ ಬದಲಾಯಿಸಿ, ಶೂ ಸರಿಮಾಡಿ, ಟಯರ್ ಗಾಳಿಯನ್ನು ಚೀಟಿಯಲ್ಲಿ ಇದ್ದಷ್ಟಕ್ಕೆ ಏರಿಸಿ ಕೊಟ್ಟರು. ಈಗ ಎಸಿ ಹಾಕಿಕೊಂಡೇ ಲೀಟರಿಗೆ ಹದಿನಾರರ ಹತ್ತಿರ ಬರುತ್ತಿದೆ. ನಮ್ಮ ತಂದೆಯವರೂ ಮೊನ್ನೆ ಸುಳ್ಯಕ್ಕೆ ಹೋಗುವಾಗ ಇಳಿಜಾರಿನಲ್ಲಿ ಎಸಿ ಹಾಕು ಎಂದು ತಾವೇ ಹೇಳಿದರು, ಮೇಷ್ಟರ ಲೆಕ್ಕವನ್ನು ಓದಿ ಹೇಳಿದ್ದೆ.

ಒಂದು ಪ್ರಶ್ನೆ ಉಳಿದಿದೆ. ಕೇಬಲ್ ಮತ್ತೆ ಹೀಗಾಗದಂತೆ ಮಳೆಗಾಲದಲ್ಲಿ ಏನು ಮಾಡಬೇಕು?

ಗೋಣಿಕೊಪ್ಪ_ಗ್ಯಾರೇಜ್

ಒಳ್ಳೆಯದಾಯಿತು. ಮಳೆಗಾಲದಲ್ಲಿ ಒದ್ದೆ ಕಾರನ್ನು ಹ್ಯಾಂಡ್ ಬ್ರೇಕ್ ಎಳೆದು ದಿನಗಟ್ಟಲೆ ನಿಲ್ಲಿಸಬೇಡಿ, ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಮನೆಯ ಸಮತಟ್ಟು ಅಂಗಳವಾದರೆ ಮೊದಲ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಬೇಡ. ಇಳಿಜಾರಿನಲ್ಲಿ ನಿಲ್ಲಿಸಿದರೆ ಮಾತ್ರ ಎಳೆಯಲೇಬೇಕು, ಗೇರ್ ಮತ್ತು ಕಲ್ಲಿನ ಜೊತೆಗೆ. ಮೇ ತಿಂಗಳಲ್ಲೇ ಒಮ್ಮೆ ಹಿಂದಿನ ಎರಡೂ ಡ್ರಮ್ ಬಿಚ್ಚಿಸಿ ಧೂಳು ತೆಗೆಸಿ, ಕಂಡೆನ್ಸರ್ ತೊಳೆಸಿ, ಫಿಲ್ಟರ್ ಬದಲಾಯಿಸಿ. ಮಳೆ ಹಿಡಿದ ಮೇಲೆ ಎಲ್ಲರೂ ಒಟ್ಟಿಗೆ ಬರುತ್ತಾರೆ, ಆಗ ನಮ್ಮ ಕಡೆಯಾಗಲಿ ನಿಮ್ಮ ಕಡೆಯಾಗಲಿ ಯಾವ ಗ್ಯಾರೇಜಿನಲ್ಲೂ ಬೇಗ ಕೆಲಸ ಆಗುವುದಿಲ್ಲ.